ಗುದ್ದಲಿಗೆ ಹೂವು

ಶಾಸಕರು ಗುದ್ದಲಿಯಿಂದ ನೆಲಕ್ಕೆ ಒಂದೇಟು ಹಾಕಿದರು, ಜನ ಚಪ್ಪಾಳೆ ತಟ್ಟಿದರು, ಹೊಸ ರಸ್ತೆಯ ಗುದ್ದಲಿ ಪೂಜೆ ಮುಗಿಯಿತು. ಕುಂಕುಮ ಹಚ್ಚಿಸಿಕೊಂಡು ಹೂವು ಮುಡಿದಿದ್ದ ಗುದ್ದಲಿ ಬೀಗಿಹೋಯಿತು.

“ಕೇಳಿದೆಯೇನೇ ಬುಟ್ಟಿ? ಊರಿಗೆಲ್ಲ ಕೆಲಸ ಸಿಗಲೆಂದೇ ಸರಕಾರ ಈ ರಸ್ತೆಗೆ ಹಣ ಕೊಟ್ಟಿದೆಯಂತೆ. ಅಗೆಯುವುದು ನಾನು, ಹೊರುವುದು ನೀನು.”

“ಬೇಗ ಶುರುವಾಗಲಪ್ಪ,” ಎಂದಿತು ಬುಟ್ಟಿ. “ಕೆಲಸವಿಲ್ಲದೆ ಕೂತು ಕೂತು ನನ್ನೊಳಗೆ ಕೋಳಿ ಮೊಟ್ಟೆಯಿಡುತ್ತಿದೆ.”

ಮರುದಿನ ಜೆಸಿಬಿ ಬಂತು.

“ಏಯ್, ಪೂಜೆಯಾದದ್ದು ನನಗೆ!” ಎಂದು ಗುದ್ದಲಿ ಅಡ್ಡ ಮಲಗಿತು.

“ಹೌದಜ್ಜ, ಪೂಜೆ ನಿನಗೆ, ಕೆಲಸ ನನಗೆ. ಪಕ್ಕಕ್ಕೆ ಸರಿ, ಹೂವಿಗೆ ಧೂಳು ಹಿಡಿದೀತು,” ಎಂದಿತು ಜೆಸಿಬಿ. ಸಂಜೆಯೊಳಗೆ ಊರ ತುದಿಯವರೆಗೂ ಅಗೆದು ಮುಗಿಸಿತು. ಬುಟ್ಟಿ ಕೋಳಿಯ ಬಳಿಗೆ ವಾಪಸಾಯಿತು.

ಕೆಲಸ ಕೊಡದವರ ಪೂಜೆಗೆ ಇನ್ನು ನಿಲ್ಲುವುದಿಲ್ಲ ಎಂದು ಗುದ್ದಲಿ ಹಟ ಹಿಡಿಯಿತು. ಹೊಸ ಕಾಲುವೆಯ ಗುದ್ದಲಿ ಪೂಜೆ ಬಂದಾಗ ಮತ್ತೆ ಅದಕ್ಕೇ ಹೂವು ಮುಡಿಸಿದರು. ಶಾಸಕರು ಮೇಲೆತ್ತುತ್ತಿದ್ದಂತೆ ಗುದ್ದಲಿ ತನ್ನ ಮರದ ಕಾವನ್ನು ಬಿಟ್ಟು ಕೆಳಗೆ ಬಿತ್ತು. ಶಾಸಕರ ಕೈಯಲ್ಲಿ ಬರೀ ಕೋಲು ಉಳಿಯಿತು. ಜನ ಗೊಳ್ಳೆಂದು ನಕ್ಕರು.

“ಈಗ ಗೊತ್ತಾಯಿತೇ ನಾನು ಯಾರೆಂದು?” ಎಂದಿತು ಗುದ್ದಲಿ, ಮಣ್ಣಿನಲ್ಲಿ ಬಿದ್ದುಕೊಂಡೇ.

ಅಧಿಕಾರಿಗಳು ಬಡಗಿ ಮೌನೇಶಾಚಾರಿಯನ್ನು ಕರೆಸಿದರು. ಅವನು ಹೊಸ ಕಾವು ಹಾಕಿ, ಬೆಣೆ ಬಡಿದು ಬಿಗಿ ಮಾಡಿಕೊಟ್ಟ. ಪೂಜೆ ನಡೆಯಿತು. ಕಾಲುವೆಯನ್ನು ಜೆಸಿಬಿ ತೋಡಿತು.

ಎರಡೂ ಯೋಜನೆಗಳಿಂದ ಆ ಊರಿನಲ್ಲಿ ಕೆಲಸ ಸಿಕ್ಕಿದ್ದು ಮೌನೇಶಾಚಾರಿ ಒಬ್ಬನಿಗೇ.