ಹದಿನೇಳನೇ ಮನೆಯ ತಪ್ಪು

ಒಂದು ಸಂಗೀತ ಕಾಲೇಜಿನಲ್ಲಿ ನಿಶ್ಮಿತಾ ಎಂಬ ಹುಡುಗಿ ಜಾಝ್ ಕಲಿಯುತ್ತಿದ್ದಳು. ಕಾರ್ಕಳದ ಕಡೆಯವಳು. ಅವಳ ವಾದ್ಯ ಸ್ಯಾಕ್ಸೋಫೋನ್. ಅಪ್ಪ ಮದುವೆ ಮುಂಜಿಗಳಲ್ಲಿ ಅದನ್ನೇ ಊದುವವರು, ಹಾಗಾಗಿ ಊದುವುದು ಅವಳಿಗೆ ಹೊಸದೇನಲ್ಲ. ಗೊತ್ತಿರುವ ಹಾಡು ಕೊಟ್ಟರೆ ಕಣ್ಣು ಮುಚ್ಚಿಕೊಂಡು ಊದುತ್ತಿದ್ದಳು. ಗೊತ್ತಿಲ್ಲದ್ದು ಎದುರಾದರೆ ಮಾತ್ರ ಬೆರಳೆಲ್ಲ ತಣ್ಣಗಾಗುತ್ತಿತ್ತು.

ಜಾಝ್‌ನಲ್ಲಿ ಕಷ್ಟವಿರುವುದೇ ಅಲ್ಲಿ, ಮಕ್ಕಳೇ. ಮೊದಲು ಎಲ್ಲರೂ ಸೇರಿ ಹಾಡು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರ ಸರದಿ. ಸರದಿ ಬಂದವರು ಅದೇ ಹಾಡಿನ ಲೆಕ್ಕದೊಳಗೆ, ಆ ಗಳಿಗೆಯಲ್ಲೇ, ಹೊಸದಾಗಿ ಹುಟ್ಟಿಸಿಕೊಂಡು ನುಡಿಸಬೇಕು. ಕುಂಟೆಬಿಲ್ಲೆ ಆಡುವುದಿಲ್ಲವೇ, ಹಾಗೆ ಅಂದುಕೊಳ್ಳಿ. ಹಾಡಿನ ತಾಳಕ್ಕೆ ಮೂವತ್ತೆರಡು ಮನೆ. ಗೆರೆ ಎಳೆದಿಟ್ಟದ್ದು ಬೇರೆಯವರು. ಹೇಗೆ ಕುಣಿದು ದಾಟುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಕ್ಲೀಟಸ್ ಮೇಷ್ಟ್ರು ಮೊದಲ ದಿನ ಹೇಳಿಕೊಡುತ್ತಿದ್ದದ್ದೇ ಅದನ್ನು. "ಪಕ್ಕದವರು ಎಡವಿದರೆ ಸುಮ್ಮನೆ ನೋಡ್ತಾ ನಿಲ್ಲಬೇಡಿ. ನಿಮ್ಮ ಹೆಜ್ಜೆಯನ್ನೂ ಆ ಕಡೆಗೇ ತಿರುಗಿಸಿ. ಎಲ್ಲರೂ ಬೇಕು ಅಂತಲೇ ಅತ್ತ ಹೊರಟ ಹಾಗೆ ಕೇಳಬೇಕು. ಇಷ್ಟು ಬಂದರೆ ಅರ್ಧ ಜಾಝ್ ಬಂದ ಹಾಗೆ."

ನಿಶ್ಮಿತಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಎಲ್ಲವನ್ನೂ ಬರೆದುಕೊಳ್ಳುವವಳು.

ಕಾಲೇಜಿನಲ್ಲಿ ಅಭ್ಯಾಸದ ಕೋಣೆಗಳು ಒಂಬತ್ತು, ಕಲಿಯುವವರು ನಲವತ್ತು. ಬೆಳಿಗ್ಗೆ ಐದೂವರೆಗೇ ಬೀಗದ ಕೈಗಾಗಿ ಸಾಲು. ತಡವಾದರೆ ಬಟ್ಟೆ ಒಣಗಿಸುವ ಜಾಗದಲ್ಲಿ, ಒದ್ದೆ ಟವೆಲ್ಲುಗಳ ನಡುವೆ ನಿಂತು ಊದಬೇಕು. ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿಯುವುದು. ಮತ್ತೆ ಇನ್ನೊಂದು. ತಿಂಡಿಯ ಹೊತ್ತಿಗೆ ತುಟಿಯ ಒಳಗಡೆ ಹಲ್ಲು ಒತ್ತಿ ಗಾಯವಾಗಿ, ಚಟ್ನಿ ತಗಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಮಧ್ಯಾಹ್ನದವರೆಗೆ ಪಾಠ. ಸಂಜೆ ಮತ್ತೆ ಸಾಲು. ಇಷ್ಟೆಲ್ಲ ಅವಳಿಗೆ ಕಷ್ಟವೆನಿಸಲಿಲ್ಲ. ದುಡಿಯುವುದಕ್ಕೆ ಅವಳು ಹೆದರುವವಳಲ್ಲ.

ಹೆದರಿಕೆ ಹುಟ್ಟಿದ್ದು ನವೆಂಬರಿನ ಒಂದು ಪಾಠದಲ್ಲಿ. ಅವಳ ಸರದಿ ಬಂತು. ವಾದ್ಯ ಬಾಯಿಗಿಟ್ಟಳು. ಒಂದನೇ ಮನೆ ಹೋಯಿತು, ಎರಡನೆಯದು ಹೋಯಿತು, ಹೀಗೆ ಎಂಟು ಮನೆ ಹೋದವು. ಒಂದು ಸ್ವರವೂ ಹೊರಡಲಿಲ್ಲ. ಹಿಂದೆ ಡ್ರಮ್ಮಿನವನು ಪಾಪ ತಾಳ ಹಾಕುತ್ತಲೇ ಇದ್ದ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ. ಮೊದಲ ವರ್ಷದಲ್ಲಿ ಹನ್ನೆರಡು ಮಂದಿ, ಎರಡನೇ ವರ್ಷಕ್ಕೆ ತೆಗೆದುಕೊಳ್ಳುವುದು ಎಂಟು ಮಂದಿಯನ್ನು. ಉಳಿದವರು ಇನ್ನೊಂದು ವರ್ಷ ಅಲ್ಲೇ ಕೂರಬೇಕು. ಎರಡು ಸಲ ಉಳಿದವರು ಮನೆಗೆ ಹೋಗಬೇಕು. ಅವಳು ಊಟದ ತಟ್ಟೆಯ ಮುಂದೆ ಕೂತು ಹನ್ನೆರಡು ಮುಖಗಳನ್ನು ಎಣಿಸುತ್ತಿದ್ದಳು. ಹೇಗೆ ಎಣಿಸಿದರೂ ತಾನು ಒಂಬತ್ತನೆಯವಳೇ ಆಗುತ್ತಿದ್ದಳು.

ಹೆದರಿಕೆಗೆ ಬುದ್ಧಿ ಕಡಿಮೆ, ಉಪಾಯ ಜಾಸ್ತಿ. ಅವಳಿಗೊಂದು ಉಪಾಯ ಹೊಳೆಯಿತು. ಆ ಗಳಿಗೆಯಲ್ಲಿ ಹುಟ್ಟಬೇಕಾದ್ದನ್ನು ಮೊದಲೇ ಹುಟ್ಟಿಸಿಟ್ಟರೆ? ಪರೀಕ್ಷೆಯ ಹಾಡು ಯಾವುದೆಂದು ಗೊತ್ತಿತ್ತು. ಪುಸ್ತಕ ತೆಗೆದು ಮೂವತ್ತೆರಡು ಮನೆಗೂ ಸ್ವರ ಬರೆದಳು. ಫೋನಿನಲ್ಲಿ ಹಿನ್ನೆಲೆ ವಾದ್ಯಗಳ ರೆಕಾರ್ಡ್ ಹಾಕಿಕೊಂಡು, ಬಾಗಿಲು ಭದ್ರ ಮಾಡಿಕೊಂಡು, ದಿನಕ್ಕೆ ಇಪ್ಪತ್ತು ಸಲ ಅದನ್ನೇ ಊದಿದಳು. ಬಾಯಿಪಾಠವಾಯಿತು.

ಅಷ್ಟರಲ್ಲಿ ಒಂದು ದಿನ ಪಾಠದಲ್ಲಿ ಬೇರೊಬ್ಬ ಹುಡುಗ ಬಹಳ ನುಣ್ಣಗೆ ನುಡಿಸಿದ. ಕ್ಲೀಟಸ್ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು. "ಎಷ್ಟು ದಿನ ಕೂತು ಬರೆದೆಯಪ್ಪಾ ಇದನ್ನ?" ಹುಡುಗನ ಕಿವಿ ಕೆಂಪಾಯಿತು. "ಹುಡುಕ್ತಾ ನುಡಿಸೋನು ಎಲ್ಲಾದರೂ ಒಂದು ಕಡೆ ತಡವರಿಸ್ತಾನೆ," ಎಂದರು ಮೇಷ್ಟ್ರು. "ನಿಂದು ಇಸ್ತ್ರಿ ಮಾಡಿದ ಅಂಗಿ ಇದ್ದ ಹಾಗಿದೆ."

ನಿಶ್ಮಿತಾ ತನ್ನ ಪುಸ್ತಕವನ್ನು ಚೀಲದೊಳಗೆ ತುರುಕಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಂದು ಸಂಜೆಯೇ ಪುಸ್ತಕ ತೆಗೆದು, ಹದಿನೇಳನೇ ಮನೆಯಲ್ಲಿ ಒಂದು ತಪ್ಪು ಸ್ವರ ಬರೆದಳು. ಎಡವಿದ ಹಾಗೆ ಅದನ್ನು ಸ್ವಲ್ಪ ಹೊತ್ತು ಹಿಡಿಯುವುದು, ಆಮೇಲೆ ಚುರುಕಾಗಿ ಸರಿಪಡಿಸಿಕೊಂಡು ಮೇಲೇಳುವುದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಇಲ್ಲಿ ಹುಬ್ಬು ಗಂಟಿಕ್ಕುವುದು' ಎಂದೂ ಬರೆದಳು. ಕನ್ನಡಿ ನೋಡಿಕೊಂಡು ಅದನ್ನೂ ಅಭ್ಯಾಸ ಮಾಡಿದಳು. ನಗಬೇಡಿ. ಹೊಟ್ಟೆನೋವು ಎಂದು ಶಾಲೆ ತಪ್ಪಿಸುವಾಗ ನೀವು ಮುಖ ಹಿಂಡುವುದಿಲ್ಲವೇ?

ಪರೀಕ್ಷೆಯ ಬೆಳಿಗ್ಗೆ ಬಂತು. ಯಾರ ಜೊತೆ ಯಾರು ನುಡಿಸಬೇಕೆಂದು ಅಲ್ಲೇ ಚೀಟಿ ಎತ್ತುತ್ತಾರೆ. ಅವಳ ತಂಡಕ್ಕೆ ಒಬ್ಬ ಪಿಯಾನೋದವನು, ಒಬ್ಬ ಡ್ರಮ್ಮಿನವನು, ಮತ್ತೆ ಗುರುಶಾಂತ ಸಿಕ್ಕರು.

ಗುರುಶಾಂತ ಮುಂಡರಗಿಯ ಹುಡುಗ. ಆಳೆತ್ತರದ ಪಿಟೀಲಿನಂಥ ವಾದ್ಯವನ್ನು ತಬ್ಬಿಕೊಂಡು ನುಡಿಸುವವನು. ಅದಕ್ಕೆ ಬೇಸ್ ಎನ್ನುತ್ತಾರೆ. ಎಲ್ಲರಿಗೂ ಕೆಳಗೆ ನೆಲ ಹಾಸಿಕೊಡುವ ವಾದ್ಯ ಅದು. ಹೋದ ವರ್ಷ ಅವನು ಪಾಸಾಗಿರಲಿಲ್ಲ. ಇದು ಅವನ ಎರಡನೇ ಸಲ, ಕೊನೆಯ ಸಲ.

"ಏನವ್ವಾ ಕಾರ್ಕಳ, ಮಾರಿ ಯಾಕ ಹಿಂಗ ಬಿಳಿಚ್ಕೊಂಡೈತಿ? ಮದಿವಿ ಹೆಣ್ಣಿಗೂ ಇಷ್ಟು ಅಂಜಿಕಿ ಇರೂದಿಲ್ಲ," ಎಂದ.

"ನಿಂಗೆಂತ ಮಾರಾಯ, ಹಿಂದೆ ನಿಲ್ಲುವವ. ಎದುರು ನಿಲ್ಲುವವಳ ಕಷ್ಟ ನಂಗೆ ಗೊತ್ತು."

"ನಂಗೇನು ಅಂಜಿಕಿ ಇಲ್ಲಂದ್ಕೊಂಡಿಯೇನು? ಈ ಸಲ ಹೋತಂದ್ರ ಕಾಲೇಜಿನ ಈ ಬೇಸ್ ಇಲ್ಲೇ ಇರ್ತೈತಿ, ನಾ ಒಬ್ಬನ ಮುಂಡರಗಿ ಬಸ್ ಹತ್ತತೀನಿ." ಅವನು ವಾದ್ಯದ ಬೆನ್ನು ತಟ್ಟಿದ. "ನೀ ಸುಮ್ನ ಊದು. ಎಲ್ಲಿ ಬಿದ್ರೂ ಕೆಳಗ ನಾ ಅದೀನಿ."

ಒಳಗೆ ಕ್ಲೀಟಸ್ ಮೇಷ್ಟ್ರೂ ಹೊರಗಿನಿಂದ ಬಂದ ಒಬ್ಬ ಮೇಡಮ್ಮೂ ಕೂತಿದ್ದರು. ಹಾಡು ಶುರುವಾಯಿತು. ನಿಶ್ಮಿತಾಳ ಸರದಿ ಬಂತು. ಒಂದು, ಎರಡು, ಮೂರು. ಎಲ್ಲ ಬರೆದ ಹಾಗೆಯೇ ಹೊರಟಿತು. ಹದಿನಾರನೇ ಮನೆಯವರೆಗೆ ಒಂದು ಕೂದಲೂ ಅಲುಗಲಿಲ್ಲ. ಮೇಡಂ ಮೆಲ್ಲನೆ ತಲೆದೂಗಿದ್ದನ್ನು ಅವಳು ಓರೆಗಣ್ಣಲ್ಲಿ ನೋಡಿದಳು.

ಹದಿನೇಳನೇ ಮನೆ. ತಪ್ಪು ಸ್ವರ ಊದಿದಳು. ಹುಬ್ಬು ಗಂಟಿಕ್ಕಿದಳು.

ಫೋನಿನ ರೆಕಾರ್ಡ್‌ಗೆ ಕಿವಿ ಇರಲಿಲ್ಲ. ಗುರುಶಾಂತನಿಗೆ ಇತ್ತು. ಹುಡುಗಿ ಬಿದ್ದಳು ಎಂದು ಅವನ ಎದೆ ಧಸಕ್ಕೆಂದಿತು. ಯೋಚಿಸುವುದಕ್ಕೂ ಮೊದಲೇ ಅವನ ಬೆರಳು ಜರುಗಿತು. ಅವಳು ಬಿದ್ದಲ್ಲಿಗೇ ನೆಲವನ್ನು ಸರಿಸಿಟ್ಟ. ಅದನ್ನು ಕೇಳಿ ಪಿಯಾನೋದವನೂ ಹಿಂದೆಯೇ ಬಂದ. ಅವಳು ಅಲ್ಲೇ ಇದ್ದಿದ್ದರೆ ಆ ತಪ್ಪು ಸ್ವರವೇ ಚಿನ್ನದಂಥ ಸ್ವರವಾಗುತ್ತಿತ್ತು.

ಅವಳು ಅಲ್ಲಿರಲಿಲ್ಲ. ಪುಸ್ತಕದಲ್ಲಿ ಬರೆದಿದ್ದಂತೆ ಚುರುಕಾಗಿ ಮೇಲೆದ್ದು ಹಳೆಯ ಜಾಗಕ್ಕೆ ನೆಗೆದಿದ್ದಳು. ಅಲ್ಲೀಗ ನೆಲವಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಗೂಡು ಕಳಚಿ ಬಿದ್ದಂತೆ ಸದ್ದಾಯಿತು. ಗುರುಶಾಂತ ಗಾಬರಿಯಿಂದ ಹಿಂದಕ್ಕೆ ಬಂದ. ಆ ಹೊತ್ತಿಗೆ ಅವಳಿಗೆ ಪುಟವೇ ಮರೆತುಹೋಗಿತ್ತು. ಒಬ್ಬರನ್ನೊಬ್ಬರು ಎಡವಿಕೊಂಡು, ಹೇಗೋ ಕುಂಟುತ್ತಾ ಮೂವತ್ತೆರಡು ಮುಗಿಸಿದರು.

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಗುರುಶಾಂತ, ಹದಿನೇಳರಲ್ಲಿ ಯಾಕೆ ಜರುಗಿದೆ?"

"ಆಕಿ ಎಡವಿದ್ಲು ಅನ್ಸಿತ್ರಿ ಸರ್."

"ಎಡವಿದೋಳು ತಕ್ಷಣ ಎದ್ದಳಲ್ಲ. ನೀನೇ ಕಾಲು ಕೊಟ್ಟು ಬೀಳಿಸಿದ ಹಾಗಾಯ್ತು. ಹೋದ ವರ್ಷವೂ ಇದೇ. ಕಿವಿ ಎಲ್ಲಿಟ್ಟಿರ್ತೀಯಪ್ಪಾ?"

"ತಪ್ಪಾತ್ರಿ ಸರ್."

ಮೇಡಂ ಏನೋ ಬರೆದುಕೊಂಡರು. ನಿಶ್ಮಿತಾ ತನ್ನ ಚಪ್ಪಲಿಯನ್ನು ನೋಡುತ್ತಾ ನಿಂತಳು.

ಫಲಿತಾಂಶ ನಾಲ್ಕು ಗಂಟೆಗೆ. ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಅವನು ಬೈಯಲಿ ಎಂದು ಕಾದಳು. ಬೈದರೆ ತಿರುಗಿ ಬೈದು ಹಗುರಾಗಬಹುದು. ಅವನು ಬೈಯಲಿಲ್ಲ.

"ಸಿಟ್ಟಾಗಬ್ಯಾಡವ್ವ. ನಿಂದು ಬಾಳ ಛಲೋ ನಡದಿತ್ತು. ನಾನ ಕೆಡಿಸಿದೆ," ಎಂದ. ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ನೀ ಖರೇನ ಬಿದ್ದೀ ಅಂತ ಕೇಳಿತ್ತು ನಂಗ. ಇಷ್ಟು ಸ್ವಚ್ಛ ಕೇಳಿತ್ತು. ಅದೂ ಸುಳ್ಳಾತು ಅಂದ್ರ ನನ್ನ ಕಿವಿನ ನಾ ಇನ್ನ ಹೆಂಗ ನಂಬ್ಲಿ ಹೇಳು?"

ಅವಳು ಪಕ್ಕದಲ್ಲಿದ್ದ ಪುಸ್ತಕದ ಮೇಲೆ ಕೈಯಿಟ್ಟಳು. ತೆರೆಯಲಿಲ್ಲ. ಅವನು ಎದ್ದು ಹಾಸ್ಟೆಲ್ಲಿನ ಕಡೆ ಹೊರಟ.

ಗಂಟೆ ಎರಡೂವರೆ. ಸುಮ್ಮನಿದ್ದರೆ ಅವಳು ಪಾಸು. ಮೇಷ್ಟ್ರೇ ಹೇಳಿಬಿಟ್ಟಿದ್ದರಲ್ಲ, ತಪ್ಪು ಅವನದೆಂದು. ಹೇಳಿದರೆ ಅವಳ ವರ್ಷ ಹೋಗುತ್ತದೆ, ಬಹುಶಃ ಮರ್ಯಾದೆಯೂ. ಎರಡೂ ಮುಕ್ಕಾಲಾಯಿತು. ಅವಳು ನಲ್ಲಿಗೆ ಹೋಗಿ ನೀರು ಕುಡಿದು ಬಂದಳು. ಮತ್ತೆ ಹೋಗಿ ಕುಡಿದಳು. ಅವನಿಗೆ ಹೇಗೂ ಬರುವುದಿಲ್ಲ, ಹೋದ ವರ್ಷವೂ ಉಳಿದವನು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಇಡೀ ಕೋಣೆಯಲ್ಲಿ ಸರಿಯಾಗಿ ಕೇಳಿಸಿಕೊಂಡವನು ಅವನೊಬ್ಬನೇ ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿತ್ತು.

ಮೂರು ಹೊಡೆಯಿತು. ಹಾಸ್ಟೆಲ್ಲಿನ ಕಿಟಕಿಯಲ್ಲಿ ಗುರುಶಾಂತ ಮಡಚಿದ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿರುವುದು ಕಾಣಿಸಿತು. ಫಲಿತಾಂಶಕ್ಕೂ ಅವನು ಕಾಯುವ ಹಾಗಿರಲಿಲ್ಲ.

ನಿಶ್ಮಿತಾ ಮೇಷ್ಟ್ರ ಕೋಣೆಗೆ ಓಡಿದಳು. ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಸರ್, ಹದಿನೇಳು ನೋಡಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಓದಿದರು. ಮತ್ತೊಮ್ಮೆ ಓದಿದರು. "ತಪ್ಪನ್ನೂ ಬರೆದಿದ್ದೀಯಾ?"

"ಹೌದು ಸರ್."

"ಹುಬ್ಬನ್ನೂ?"

ಅವಳು ತಲೆ ತಗ್ಗಿಸಿದಳು. "ಗುರುಶಾಂತ ಕೇಳಿಸಿಕೊಂಡದ್ದು ಸರಿ ಸರ್. ಅವ ನನ್ನನ್ನು ಹಿಡಿಯಲಿಕ್ಕೆ ಬಂದದ್ದು. ನಾನು ಬಿದ್ದೇ ಇರಲಿಲ್ಲ."

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ನೀವು ಹೇಳಿಕೊಟ್ಟ ಪಾಠವನ್ನು ಒಬ್ಬ ಹುಡುಗ ಅಕ್ಷರಶಃ ಪಾಲಿಸಿದ, ನೀವು ಅದಕ್ಕೇ ಅವನನ್ನು ಬೈದಿರಿ ಎಂದು ತಿಳಿದರೆ ನಿಮಗೆ ಹೇಗಾಗುತ್ತದೆ? ಅವರು ಬರಿಗಾಲಲ್ಲೇ ಮೈದಾನ ದಾಟಿ ಹಾಸ್ಟೆಲ್ಲಿಗೆ ಹೋದರು. ನಿಶ್ಮಿತಾ ಹಿಂದೆ ಓಡಿದಳು. ಗುರುಶಾಂತ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ.

"ನಿನ್ನ ಕಿವಿ ಸರಿಯಾಗಿತ್ತಪ್ಪಾ," ಎಂದರು ಮೇಷ್ಟ್ರು, ಏದುಸಿರು ಬಿಡುತ್ತಾ. "ಕೆಟ್ಟದ್ದು ನನ್ನ ಕಿವಿ."

ನಿಶ್ಮಿತಾ ಎಲ್ಲವನ್ನೂ ಹೇಳಿದಳು. ಗುರುಶಾಂತ ಜಿಪ್ಪು ಬಿಟ್ಟು ಅವಳ ಕಡೆ ತಿರುಗಿದ.

"ಬಿದ್ದಿರ್ಲಿಲ್ಲ ನೀ?"

"ಇಲ್ಲ."

"ಎದಿ ಒಡದಂಗ ಆಗಿತ್ತಲ್ಲೇ ನಂಗ!" ಎಂದು ಕೂಗಿ, ಬ್ಯಾಗನ್ನು ಮಂಚದ ಕೆಳಗೆ ಒದ್ದ. ಆಮೇಲೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಸತ್ಯ ಹೇಳಿದ್ದಕ್ಕೆ ಮೇಷ್ಟ್ರು ಬೆನ್ನು ತಟ್ಟಿ ಅವಳನ್ನೂ ಪಾಸು ಮಾಡಿದರು ಎಂದು ನೀವು ಕಾಯುತ್ತಿದ್ದರೆ, ಕಾಯಬೇಡಿ. ನಾಲ್ಕು ಗಂಟೆಗೆ ಪಟ್ಟಿ ಅಂಟಿಸಿದರು. ಎಂಟು ಹೆಸರು. ಐದನೆಯದು ಗುರುಶಾಂತನದು. ನಿಶ್ಮಿತಾಳ ಹೆಸರು ಇರಲಿಲ್ಲ. "ಇನ್ನೊಂದು ವರ್ಷ ಕೂತ್ಕೋ. ಬರೆಯೋದು ನಿಲ್ಲಿಸು, ಪಕ್ಕದವರನ್ನ ಕೇಳಿಸ್ಕೊ," ಎಂದರು ಮೇಷ್ಟ್ರು, ಅಷ್ಟೇ.

ಅವಳು ಅಪ್ಪನಿಗೆ ಫೋನ್ ಮಾಡಿದಳು.

"ಎಂತಾಯ್ತು ಮಗಾ?"

"ಹೋಯ್ತು ಅಪ್ಪ. ನನ್ನದೇ ತಪ್ಪು. ಇನ್ನೊಂದು ವರ್ಷ ಇಲ್ಲೇ."

"ಮತ್ತೆ ಆ ಹುಡುಗ? ಅದೇ, ದೊಡ್ಡ ವಾದ್ಯದವ, ಕೊನೇ ಸಲ ಅಂತ ಹೇಳ್ತಿದ್ದಿಯಲ್ಲ?"

"ಅವ ಪಾಸು."

"ಹಾಗಾದರೆ ಸರಿ. ನಿಂಗೆ ಇನ್ನೊಂದು ಸಲ ಉಂಟಲ್ಲ. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ ಇಲ್ವಾ?"

ತಿಂದಿರಲಿಲ್ಲ. ನವೆಂಬರಿನಿಂದ ಮೊದಲ ಸಲ ಅವಳಿಗೆ ಹಸಿವಾಗಿತ್ತು.

ನೀತಿ: ಬರದಿದ್ದರೆ ಬರುವುದಿಲ್ಲ ಎನ್ನಿ, ಹೆದರಿಕೆಯಾದರೆ ಹೆದರಿಕೆ ಎನ್ನಿ. ಬಿದ್ದ ಹಾಗೆ ನಟಿಸಬೇಡಿ. ನಟಿಸಿದವರು ಎದ್ದು ಹೋಗುತ್ತಾರೆ, ನಿಜವೆಂದು ಹಿಡಿಯಲು ಬಂದವರು ಬೀಳುತ್ತಾರೆ. ಅಷ್ಟಾಗಿಯೂ ನಟಿಸಿಬಿಟ್ಟಿದ್ದರೆ, ಅವರು ಬ್ಯಾಗು ಕಟ್ಟಿ ಹೊರಡುವುದರೊಳಗೆ ಬಾಯಿ ಬಿಟ್ಟು ಹೇಳಿ. ಅದರ ಬೆಲೆಯನ್ನು ನೀವೇ ತೆತ್ತುಬಿಡಿ.