ಲಗುಮಯ್ಯನ ವಿಶ್ರಾಮ್

ಮುತ್ತುಗದ ಕಾಡಿನ ಅಂಚಿನಲ್ಲಿ ಒಂದು ಕೆರೆ ಇತ್ತು. ಆಚೆ ದಡದಲ್ಲಿ ಊರಿನವರು ಬಟ್ಟೆ ಒಗೆಯುತ್ತಿದ್ದರು, ಈಚೆ ದಡದಲ್ಲಿ ಪ್ರಾಣಿಗಳು ನೀರು ಕುಡಿಯುತ್ತಿದ್ದವು. ಲಗುಮಯ್ಯನೆಂಬ ಕತ್ತೆ ಆಚೆ ದಡದವನು. ಒದ್ದೆ ಬಟ್ಟೆಯ ಗಂಟು ಹೊತ್ತೂ ಹೊತ್ತೂ ಅವನ ಬೆನ್ನು ಬಗ್ಗಿಹೋಗಿತ್ತು. ಸಾಕಾಗಿತ್ತು ಮಕ್ಕಳೇ, ಪಾಪ, ಅವನಿಗೆ ಬದುಕೇ ಸಾಕುಸಾಕಾಗಿತ್ತು.

ಆ ವರ್ಷ ಸೀಳುನಾಯಿಗಳ ಕಾಟ ಹೆಚ್ಚಾಗಿ, ಪ್ರಾಣಿಗಳೆಲ್ಲ ಸೇರಿ ಕಾವಲು ಪಡೆ ಕಟ್ಟಿದವು. ಬಿಳಿಗಿರಯ್ಯನೆಂಬ ಕೊಕ್ಕರೆ ಅದರ ಹವಾಲ್ದಾರ. ಒಂದು ಬೆಳಿಗ್ಗೆ ಅವನ ಕವಾಯತಿನ ಕೂಗು ಆಚೆ ದಡಕ್ಕೂ ಕೇಳಿಸಿತು. "ಸಾವಧಾನ್. ವಿಶ್ರಾಮ್."

ಲಗುಮಯ್ಯನ ಕಿವಿ ನಿಮಿರಿತು. ಮೊದಲನೇ ಮಾತು ಅವನ ತಲೆಗೆ ಹೋಗಲೇ ಇಲ್ಲ. 'ಹುಟ್ಟಿದಾಗಿನಿಂದ ನನಗೆ ಯಾರೂ ಸುಧಾರಿಸಿಕೋ ಅಂದಿಲ್ಲ. ಇಲ್ಲಿ ನೋಡಿದ್ರೆ ವಿಶ್ರಾಂತಿ ತಗೊಳ್ಳಿ ಅಂತ ಕೂಗಿ ಹೇಳ್ತಿದಾರೆ' ಅಂದುಕೊಂಡ. ಗಂಟನ್ನು ಅಲ್ಲೇ ಕೆಡವಿ, ಕೆರೆ ಸುತ್ತಿ ಬಂದು ಸಾಲಿನಲ್ಲಿ ನಿಂತ.

"ಓಡೋಕೆ ಬರುತ್ತಾ?" ಹವಾಲ್ದಾರ ಕೇಳಿದ.

"ಇಲ್ಲ ಸ್ವಾಮಿ."

"ಕಾದಾಡೋಕೆ?"

"ಒದೀತೀನಿ, ಅಷ್ಟೆ."

"ಎಲ್ಲಿ, ಒಂದು ಸಲ ಕೂಗು ನೋಡೋಣ."

ಲಗುಮಯ್ಯ ಕೂಗಿದ. ಸುತ್ತಲಿನ ಹಕ್ಕಿಗಳೆಲ್ಲ ಮರ ಬಿಟ್ಟು ಹಾರಿದವು.

"ಸಾಕು, ಸಾಕು. ಸೇರ್ಕೋ. ಸೀಳುನಾಯಿ ಕಂಡ ಕೂಡಲೇ ಹೀಗೇ ಕೂಗಬೇಕು. ಇನ್ನು ಕವಾಯತಿನ ಮಾತು ಹೇಳ್ತೀನಿ, ಕೇಳು..."

"ಗೊತ್ತು ಸ್ವಾಮಿ, ಎಲ್ಲಾ ಗೊತ್ತು," ಎಂದ ಲಗುಮಯ್ಯ.

ಏನು ಗೊತ್ತಿತ್ತೋ ಏನೋ. ಮೂರು ದಿನ ಕವಾಯತು ನಡೆಯಿತು. ವಿಶ್ರಾಮ್ ಅಂದಾಗಲೆಲ್ಲ ಉಳಿದವರು ಕಾಲು ಅಗಲಿಸಿ ನಿಲ್ಲುತ್ತಿದ್ದರು, ಇವನು ಹಿಂದಿನ ಸಾಲಿನಲ್ಲಿ ಹಾಯಾಗಿ ಮಲಗಿಬಿಡುತ್ತಿದ್ದ. ಮುಂದೆ ದಪ್ಪ ಕಾಡುಕೋಣ ನಿಂತಿದ್ದರಿಂದ ಹವಾಲ್ದಾರನಿಗೆ ಏನೂ ಕಾಣಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಲಗುಮಯ್ಯನಿಗೆ ಕೆರೆ ಏರಿಯ ಮೇಲೆ ಕಾವಲು ಬಿತ್ತು. ಏರಿಯ ಕೆಳಗಿನ ನೆರಳಿನಲ್ಲಿ ಪುಟ್ಟವ್ವ ಎಂಬ ಕಡವೆ ತನ್ನ ಮರಿಯ ಜೊತೆ ಇದ್ದಳು. ಸೀಳುನಾಯಿಗಳಿಗೆ ಹೆದರಿ ಎಂಟು ದಿನದಿಂದ ಅವಳು ಕಣ್ಣು ಮುಚ್ಚಿರಲಿಲ್ಲ.

"ಲಗುಮಣ್ಣ, ನೀವಿದೀರಲ್ಲ?" ಎಂದಳು.

"ಇದೀನಿ ಕಣವ್ವ, ಮಲಕ್ಕೋ."

ಅವಳು ಮಲಗಿದಳು. ಸ್ವಲ್ಪ ಹೊತ್ತಿಗೆ ಹವಾಲ್ದಾರ ಆ ಕಡೆ ಬಂದ. "ಬಿಸಿಲಲ್ಲಿ ಮೈ ಬಿಗಿದುಕೊಂಡು ನಿಂತಿದೀಯಲ್ಲಪ್ಪ. ವಿಶ್ರಾಮ್," ಎಂದು ಹೇಳಿ ಆಚೆ ಮೂಲೆ ನೋಡಲು ಹಾರಿಹೋದ.

ಲಗುಮಯ್ಯ ಹುಲ್ಲಿನ ಮೇಲೆ ಉರುಳಿಕೊಂಡ. ಎಂಥಾ ಒಳ್ಳೆ ಕೆಲಸ ಅಂದುಕೊಳ್ಳುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಪುಟ್ಟವ್ವನ ಚೀರಾಟಕ್ಕೆ ಅವನಿಗೆ ಎಚ್ಚರವಾಯಿತು. ಅಷ್ಟರಲ್ಲಿ ಸೀಳುನಾಯಿಗಳು ಮರಿಯನ್ನು ಎಳೆದೊಯ್ದಿದ್ದವು.

ಹವಾಲ್ದಾರ ಹಾರಿ ಬಂದ. "ಮಲಗಿದ್ಯಾ?"

"ನೀವೇ ವಿಶ್ರಾಮ್ ಅಂದ್ರಲ್ಲ ಸ್ವಾಮಿ."

"ವಿಶ್ರಾಮ್ ಅಂದ್ರೆ ಕಾಲು ಸಡಿಲ ಬಿಟ್ಟು ನಿಲ್ಲೋದು ಕಣೋ. ಕಣ್ಣು ಮುಚ್ಚೋದಲ್ಲ. ಮೊದಲನೇ ದಿನ ಅದನ್ನೇ ಹೇಳೋಕೆ ಬಂದಿದ್ದೆ."

ಲಗುಮಯ್ಯ ಪುಟ್ಟವ್ವನ ಕಡೆ ತಿರುಗಿದ. "ನಂಗೆ ತುಂಬಾ ಸುಸ್ತಾಗಿತ್ತು ಕಣವ್ವ."

"ನಂಗೂ ಆಗಿತ್ತಲ್ಲ ಅಣ್ಣ," ಎಂದಳು ಪುಟ್ಟವ್ವ. "ನೀವು ಎದ್ದಿರ್ತೀರಿ ಅಂತ ಮಲಗಿದೆ."

ನೀತಿ: ತನಗೆ ಬೇಕಾದ ಒಂದೇ ಮಾತನ್ನು ಕೇಳಿಸಿಕೊಂಡು ಕೆಲಸಕ್ಕೆ ಸೇರಿದವನ ತಪ್ಪಿಗೆ, ಅವನನ್ನು ನಂಬಿದವರು ಬೆಲೆ ತೆರಬೇಕಾಗುತ್ತದೆ.