ಲ್ಯಾಪ್‌ಟಾಪಿನ ಉಪವಾಸ

ಆಟದ ವೇಗದಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಬೀಗುತ್ತಿದ್ದ ಲ್ಯಾಪ್‌ಟಾಪೊಂದಿತ್ತು. ಒಂದು ಸಂಜೆ ಕರೆಂಟು ಹೋಯಿತು. ಬ್ಯಾಟರಿ ಮುಗಿದರೆ ಪ್ರಾಣವೇ ಹೋದೀತೆಂದು ಹೆದರಿದ ಅದು, ತನ್ನ ಶಕ್ತಿಯನ್ನೆಲ್ಲ ಬಿಗಿಹಿಡಿದು, ವೇಗ ತಗ್ಗಿಸಿ ಬ್ಯಾಟರಿ ಉಳಿತಾಯಕ್ಕೆ ಕೂತಿತು.

ಕರೆಂಟು ಬಂದಿತು. ಲ್ಯಾಪ್‌ಟಾಪಿಗೆ ಮಾತ್ರ ಭಯ ಬಿಡಲಿಲ್ಲ. ಒಡತಿ ಶಾಲ್ಮಲಿ ಗೆಳತಿಯರೊಡನೆ ಕಾರು ರೇಸಿನ ಆಟಕ್ಕೆ ಕೂತರೆ, ಅವಳ ಕಾರು ಎತ್ತಿನ ಗಾಡಿಯಂತೆ ತೆವಳಿತು.

“ಹೀಗೇ ಆದರೆ ಈ ಡಬ್ಬಾನ ಮಾರಿಬಿಡ್ತೀನಿ!” ಎಂದಳು ಶಾಲ್ಮಲಿ.

ಮಾರುವ ಮಾತನ್ನು ಲ್ಯಾಪ್‌ಟಾಪ್ ಕೇಳಿಸಿಕೊಂಡಿತು. ತಕ್ಷಣ ಚಾರ್ಜರಿನ ಮೇಲೆ ಹರಿಹಾಯ್ದಿತು: “ನನ್ನ ಹೊಟ್ಟೆಗೆ ಹಾಕದೆ ಮಾನ ಕಳೆಯುತ್ತಿದ್ದೀಯಾ?”

“ಕರೆಂಟು ಬಂದಾಗಿನಿಂದ ಬಡಿಸುತ್ತಲೇ ಇದ್ದೇನೆ, ಸ್ವಾಮಿ. ಉಪವಾಸ ಬಿಡದವರು ತಾವು,” ಎಂದಿತು ಚಾರ್ಜರ್.

“ಹಾಗಾದರೆ ಈ ಫ್ಯಾನು ಸೋಮಾರಿ!”

“ತಾವು ದುಡಿದು ಬಿಸಿಯಾದರಲ್ಲವೇ ನಾನು ಗಾಳಿ ಬೀಸುವುದು?” ಎಂದಿತು ಒಳಗಿನ ಫ್ಯಾನು. “ದಯವಿಟ್ಟು ಆ ಉಳಿತಾಯ ಬಿಡಿ.”

“ಕತ್ತಲಲ್ಲಿ ನಿಮ್ಮೆಲ್ಲರನ್ನೂ ಕಾಪಾಡಿದ್ದೇ ನನ್ನ ಉಳಿತಾಯ! ಬಿಡು ಎನ್ನಲು ನೀನ್ಯಾರು?”

ಅಷ್ಟರಲ್ಲಿ ಶಾಲ್ಮಲಿ ಪರದೆಯ ಮೂಲೆಯಲ್ಲಿದ್ದ ಬ್ಯಾಟರಿ ಚಿತ್ರವನ್ನು ಒತ್ತಿ ನೋಡಿದಳು. “ಅಯ್ಯೋ, ಇನ್ನೂ ಉಳಿತಾಯದಲ್ಲೇ ಇದೆಯಲ್ಲ!” ಎಂದು ಆ ಉಳಿತಾಯವನ್ನು ನಿಲ್ಲಿಸಿದಳು. ಫ್ಯಾನು ಭರ್ರೆಂದು ತಿರುಗಿತು, ಕಾರು ಬಾಣದಂತೆ ನುಗ್ಗಿತು.

ಲ್ಯಾಪ್‌ಟಾಪ್ ಸೆಟೆದು ನಿಂತು ಚಾರ್ಜರನ್ನೂ ಫ್ಯಾನನ್ನೂ ಉದ್ದೇಶಿಸಿ ಹೇಳಿತು: “ಕಂಡಿರಾ? ನಾನು ಒಂದು ಸಲ ಗದರಿದ್ದಕ್ಕೇ ನೀವಿಬ್ಬರೂ ಹೇಗೆ ದಾರಿಗೆ ಬಂದಿರಿ!”